ಸಂಪಾದಕರ ಉತ್ತರ: ಓವನ್ ಇಲ್ಲದ ಮನೆಯ ಕ್ರಿಸ್‌ಮಸ್ ಕೇಕು, ಕೈಗೆಟುಕುವ ಕುಸ್ವಾರ್

ಪುತ್ತೂರಿನ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಮನೆಯವರಿಗೆ ಕೆಲವು ತಿಂಗಳಿಂದ ಸರಿಯಾಗಿ ಕೆಲಸವಿಲ್ಲ. ಕ್ರಿಸ್‌ಮಸ್ ತಿಂಡಿಗೆಂದು ಎತ್ತಿಟ್ಟಿರುವುದು ಸಾವಿರದ ಐನೂರು ರೂಪಾಯಿ. ಎಂಟು ಮನೆಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ, ಕೊಡುವ ವಾಡಿಕೆ ಬಿಡಲು ಮನಸ್ಸಿಲ್ಲ. ಓವನ್ ಇಲ್ಲ. ಹೋದ ವರ್ಷ ಕುಕ್ಕರಿನಲ್ಲಿ ಮಾಡಿದ ಕೇಕಿನ ಹಣ್ಣೆಲ್ಲ ತಳಕ್ಕಿಳಿದಿತ್ತು, ತಳ ಕರಕಲು, ನಡು ಹಸಿ. ಕಂತಿನಲ್ಲಿ ಓವನ್ ಕೊಳ್ಳಲೇ? ಅಥವಾ ಬೇಕರಿಯಿಂದ ತರುವುದೇ ಅಗ್ಗವೇ?"

ಓವನ್ ಕೊಳ್ಳಬೇಡಿ. ವರ್ಷಕ್ಕೆ ಎರಡು ಕೇಕು ಬೇಯಿಸಲು ತಿಂಗಳು ತಿಂಗಳು ಕಂತು ಕಟ್ಟುವುದು ಬೇಡ. ಎಂಟು ಮನೆಗೆ ಆಗುವಷ್ಟು ತಿಂಡಿ ಬೇಕರಿಯಿಂದ ತಂದರೆ ನೀವು ಎತ್ತಿಟ್ಟ ಹಣ ಅಲ್ಲಿಗೇ ಸಾಲದು. ಮನೆಯಲ್ಲೇ ಮಾಡಿ. ಆದರೆ ಅದಕ್ಕೂ ಮೊದಲು ಹೋದ ವರ್ಷದ ಕೇಕು ಯಾಕೆ ಕೆಟ್ಟಿತು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಅಗ್ಗದ ಸಾಮಾನು ಹುಡುಕಿ ಉಳಿಸುವ ಹತ್ತಿಪ್ಪತ್ತು ರೂಪಾಯಿಗಿಂತ, ಬೆಣ್ಣೆ, ಮೊಟ್ಟೆ, ದ್ರಾಕ್ಷಿ ಎಲ್ಲ ಸೇರಿದ ಒಂದು ಕೇಕು ಹಾಳಾಗದಂತೆ ನೋಡಿಕೊಂಡರೆ ಉಳಿಯುವುದೇ ಹೆಚ್ಚು.

ತಳ ಕರಕಲಾಗಿ ನಡು ಹಸಿ ಉಳಿದದ್ದಕ್ಕೆ ಉರಿ ಜೋರಾದದ್ದು ಕಾರಣ. ಕುಕ್ಕರಿನಲ್ಲಿ ಶಾಖ ಬರುವುದೆಲ್ಲ ಅಡಿಯಿಂದ. ಟಿನ್ನು ದೊಡ್ಡದಾಗಿ ಪಾತ್ರೆಯ ಗೋಡೆಗೆ ತಾಗಿದರೆ ಬಿಸಿಗಾಳಿಗೆ ಸುತ್ತಾಡಲು ಜಾಗ ಇರುವುದಿಲ್ಲ. ಟಿನ್ನಿನ ಸುತ್ತ ಒಂದು ಇಂಚಾದರೂ ತೆರವಿರಬೇಕು. ಹಣ್ಣು ಮುಳುಗಲು ಎರಡು ಕಾರಣ: ನೆನೆಸಿದ ಹಣ್ಣನ್ನು ರಸ ಬಸಿಯದೆ ಹಾಕಿರುತ್ತೀರಿ, ಅಥವಾ ಕ್ಯಾರಮೆಲ್ ನೀರು ಹೆಚ್ಚಾಗಿ ಹಿಟ್ಟು ತೆಳುವಾಗಿರುತ್ತದೆ. ಪ್ಲಮ್ ಕೇಕಿನ ಹಿಟ್ಟು ಚಮಚದಿಂದ ಸುರಿಯಬಾರದು, ಮುದ್ದೆಯಾಗಿ ಜಾರಿ ಬೀಳಬೇಕು.

ಪ್ರೆಶರ್ ಕುಕ್ಕರನ್ನು ಈ ಕೆಲಸಕ್ಕೆ ಬಳಸದಿರುವುದು ಒಳ್ಳೆಯದು. ನೀರಿಲ್ಲದೆ ಗಂಟೆಗಟ್ಟಲೆ ಕಾಯಿಸಿದರೆ ಮುಚ್ಚಳದ ಸೇಫ್ಟಿ ವಾಲ್ವ್ ಕರಗಬಹುದು, ತಳಕ್ಕೆ ಹಾಕುವ ಉಪ್ಪು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ದಿನಾ ಅನ್ನ ಬೇಯುವ ಕುಕ್ಕರು ಕೆಟ್ಟರೆ ಅದೊಂದು ಹೊಸ ಖರ್ಚು. ಬಿರಿಯಾನಿ ಮಾಡುವ ದಪ್ಪ ತಳದ ಅಗಲ ಪಾತ್ರೆ ಇದ್ದರೆ ಸಾಕು, ಬಾಯಿ ಹತ್ತು ಇಂಚಿನಷ್ಟಿರಲಿ. ತೊಳೆದು ಒಣಗಿಸಿದ ಮರಳನ್ನು ಒಂದು ಇಂಚು ಹರಡಿ, ಮೇಲೆ ಸ್ಟೀಲ್ ಸಿಂಬಿ ಇಡಿ, ಬಿಗಿಯಾಗಿ ಕೂರುವ ಮುಚ್ಚಳ ಹಾಕಿ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಟಿನ್ನು ಇಳಿಸಿದ ಮೇಲೆ ಉರಿಯನ್ನು ಅತಿ ಸಣ್ಣಗೆ ಮಾಡಿ. ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವ ಹಳೆಯ ರೂಢಿ ಇಂಥ ಪಾತ್ರೆಗೆ ಇವತ್ತಿಗೂ ಸರಿಯೇ. ಸೌದೆ ಒಲೆ ಇರುವವರು ಹಾಗೆ ಮಾಡಿದರೆ ಕೇಕಿನ ಮೇಲ್ಮೈಯೂ ಬಣ್ಣ ತಿರುಗುತ್ತದೆ. ಗ್ಯಾಸಿನಲ್ಲಿ ಮೇಲ್ಭಾಗ ಪೇಲವವಾಗಿ ಉಳಿಯಬಹುದು, ಕ್ಯಾರಮೆಲ್ ಹಾಕಿದ ಕಪ್ಪು ಕೇಕಿಗೆ ಅದೇನೂ ಕುಂದಲ್ಲ.

ಇನ್ನು ಅಳತೆ. ಆರು ಇಂಚು ಅಗಲ, ಮೂರು ಇಂಚು ಎತ್ತರದ ಒಂದು ಟಿನ್ನಿಗೆ ಮೈದಾ 130 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಮೊಟ್ಟೆ ಎರಡು, ನೆನೆದ ಹಣ್ಣು 180 ಗ್ರಾಂ, ಗೋಡಂಬಿ ಚೂರು 40 ಗ್ರಾಂ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ. ಬೆಣ್ಣೆ 100 ಗ್ರಾಮಿನ ಪೊಟ್ಟಣದಲ್ಲೇ ಸಿಗುತ್ತದೆ, ತೂಕದ ತಾಪತ್ರಯವಿಲ್ಲ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮೈದಾವನ್ನು ಮಾತ್ರ ಲೋಟದಲ್ಲಿ ಅಳೆಯಬೇಡಿ. ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ 30 ಗ್ರಾಂ ವ್ಯತ್ಯಾಸ ಬರುತ್ತದೆ, ಕೇಕು ಒಣಗಿ ಉದುರುವುದಕ್ಕೆ ಹೆಚ್ಚಿನ ಮನೆಗಳಲ್ಲಿ ಅದೇ ಕಾರಣ. ತಕ್ಕಡಿ ಇಲ್ಲದಿದ್ದರೆ ದಿನಸಿ ಅಂಗಡಿಯವರಲ್ಲೇ 130 ಗ್ರಾಮಿನ ಎರಡು ಪೊಟ್ಟಣ ಕಟ್ಟಿಸಿಕೊಳ್ಳಿ.

ನಿಮಗೆ ಇಂಥ ಎರಡು ಕೇಕು ಬೇಕು, ಒಂದು ಮನೆಗೆ, ಒಂದು ಹಂಚಲು. ಎರಡರ ಹಿಟ್ಟನ್ನೂ ಒಟ್ಟಿಗೆ ಕಲಸಬೇಡಿ. ಮೊದಲನೆಯದು ಬೇಯುವ ಒಂದು ಗಂಟೆಯಲ್ಲಿ ಎರಡನೆಯದರ ಗಾಳಿ ಇಳಿದುಹೋಗಿ ಅದು ಉಬ್ಬುವುದಿಲ್ಲ. ಹಣ್ಣು ಮತ್ತು ಕ್ಯಾರಮೆಲ್ ಮಾತ್ರ ಒಟ್ಟಿಗೇ ಸಿದ್ಧವಾಗಲಿ.

ಹಣ್ಣಿನ ವಿಷಯದಲ್ಲೇ ನಿಜವಾದ ಉಳಿತಾಯ ಇದೆ. ಡಿಸೆಂಬರಿನಲ್ಲಿ ಕಿತ್ತಳೆ ಹೇರಳ. ನಾಲ್ಕು ಹಣ್ಣು ತಂದರೆ ರಸ ನೆನೆಸಲು, ಸಿಪ್ಪೆ ಕೇಕಿಗೆ. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ, ಕಹಿ ಇರುವುದು ಅದರಲ್ಲೇ. ಸಣ್ಣ ಚೂರು ಮಾಡಿ, ನೀರು ಬದಲಿಸಿ ಎರಡು ಸಲ ಐದೈದು ನಿಮಿಷ ಕುದಿಸಿ ಬಸಿಯಿರಿ. ಆಮೇಲೆ ಸಿಪ್ಪೆಯಷ್ಟೇ ತೂಕದ ಸಕ್ಕರೆ, ಅದರ ಅರ್ಧ ನೀರು ಸೇರಿಸಿ, ಚೂರುಗಳು ಪಾರದರ್ಶಕವಾಗುವ ತನಕ ಸಣ್ಣ ಉರಿಯಲ್ಲಿ ಬೇಯಿಸಿ. ಅಂಗಡಿಯಲ್ಲಿ ಸಣ್ಣ ಪೊಟ್ಟಣಕ್ಕೂ ದುಡ್ಡು ಸುರಿಯಬೇಕಾದ ಕಿತ್ತಳೆ ಸಿಪ್ಪೆ ನಿಮ್ಮ ಮನೆಯಲ್ಲೇ ಆಯಿತು.

ಉದ್ದನೆಯ ಹಸಿರು ದ್ರಾಕ್ಷಿ ಬೇಡ. ವಿಜಯಪುರ ಕಡೆಯಿಂದ ಬರುವ ಸಣ್ಣ ಕಂದು ಒಣದ್ರಾಕ್ಷಿ ನೆನೆದ ಮೇಲೆ ಅಷ್ಟೇ ಉಬ್ಬುತ್ತದೆ. ಗೋಡಂಬಿಯೂ ಇಡೀ ಬೇಡ. ಹೇಗೂ ಕತ್ತರಿಸುವುದು ತಾನೆ? ನಿಮ್ಮೂರ ಸುತ್ತ ಗೇರುಬೀಜದ ಕಾರ್ಖಾನೆಗಳಿವೆ, ತುಂಡು ಗೋಡಂಬಿ ಕೇಳಿ. ಟೂಟಿ ಫ್ರೂಟಿಯನ್ನು ಕೀಳಾಗಿ ನೋಡಬೇಕಿಲ್ಲ, ಅದು ಸಕ್ಕರೆ ಪಾಕದ ಪಪ್ಪಾಯಿಕಾಯಿ. ಬೇಕರಿ ಕೇಕಿನ ಕೆಂಪು ಚೆರ್ರಿ ಕೂಡ ಎಷ್ಟೋ ಕಡೆ ಪಾಕದಲ್ಲಿ ಅದ್ದಿದ ಕವಳೆಕಾಯಿಯೇ. ಎರಡು ಕೇಕಿಗೆ ದ್ರಾಕ್ಷಿ 150, ಟೂಟಿ ಫ್ರೂಟಿ 100, ಕಿತ್ತಳೆ ಸಿಪ್ಪೆ 60, ಖರ್ಜೂರ 50 ಗ್ರಾಂ ಸಾಕು. ವೈನ್ ಅಥವಾ ರಮ್ಮಿಗೆ ಹಣ ಹಾಕಬೇಡಿ. ದ್ರಾಕ್ಷಿ, ಖರ್ಜೂರ ಮುಳುಗುವಷ್ಟು ಕಿತ್ತಳೆ ರಸವನ್ನು ಕೈ ತಾಳುವಷ್ಟು ಬಿಸಿ ಮಾಡಿ ಸುರಿದು, ಆರಿದ ಮೇಲೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ಎರಡು ದಿನ ಮೀರಿದರೆ ರಸ ಹುಳಿಯುತ್ತದೆ. ವಾರಗಟ್ಟಲೆ ನೆನೆಸುವುದು ಮದ್ಯಕ್ಕೆ ಮಾತ್ರ ಹೇಳಿದ್ದು.

ಹಣ ಕಡಿಮೆ ಮಾಡಬಾರದ ಜಾಗ ಬೆಣ್ಣೆ. ಮಾರ್ಗರಿನ್ ಹಾಕಿದರೆ ನಾಲಗೆಗೆ ಮೇಣದಂತೆ ಅಂಟುತ್ತದೆ. ಬೆಣ್ಣೆಯ ಬದಲು ಪೂರ್ತಿ ಎಣ್ಣೆ ಹಾಕಿದರೆ ಸಕ್ಕರೆಯೊಂದಿಗೆ ಎಷ್ಟು ಕಡೆದರೂ ಗಾಳಿ ಹಿಡಿಯುವುದಿಲ್ಲ. ತೀರಾ ಬೇಕೆಂದರೆ 70 ಗ್ರಾಂ ಬೆಣ್ಣೆಗೆ 25 ಗ್ರಾಂ ವಾಸನೆಯಿಲ್ಲದ ಎಣ್ಣೆ ಸೇರಿಸಿ, ಅದಕ್ಕಿಂತ ಕೆಳಗಿಳಿಯಬೇಡಿ.

ಕ್ಯಾರಮೆಲ್ಲಿಗೆ, ಎರಡು ಕೇಕಿಗೆ ಸೇರಿ, 100 ಗ್ರಾಂ ಸಕ್ಕರೆ ಮತ್ತು ಎರಡು ದೊಡ್ಡ ಚಮಚ ನೀರು. ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಕರಗಿದ ಮೇಲೆ ಸೌಟು ಹಾಕಬೇಡಿ, ಪಾತ್ರೆಯನ್ನೇ ಅಲುಗಿಸಿ. ಹಳದಿಯಿಂದ ತಾಮ್ರದ ಬಣ್ಣಕ್ಕೆ ಬಂದು ಹೊಗೆ ಏಳಲು ಶುರುವಾದ ಕೂಡಲೇ ಒಲೆ ಆರಿಸಿ, ಪಕ್ಕದಲ್ಲಿ ಕುದಿಸಿಟ್ಟ 120 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸಿಡಿಯುತ್ತದೆ, ಉದ್ದ ಹಿಡಿಯ ಸೌಟಿನಿಂದ ದೂರ ನಿಂತೇ ಹಾಕಿ, ಮಕ್ಕಳು ಹತ್ತಿರ ಇರಬಾರದು. ತಣ್ಣೀರು ಹಾಕಿದರೆ ಸಿಡಿತವೂ ಹೆಚ್ಚು, ಪಾಕ ಗಟ್ಟಿ ಉಂಡೆಯೂ ಆಗುತ್ತದೆ. ಬಣ್ಣ ಕಪ್ಪಾಗಿ ಗಂಟಲು ಕೆರೆಯುವ ಹೊಗೆ ಬಂದರೆ ಚೆಲ್ಲಿಬಿಡಿ. ಹೋದದ್ದು 100 ಗ್ರಾಂ ಸಕ್ಕರೆ, ಹಾಕಿದರೆ ಇಡೀ ಕೇಕು ಕಹಿ. ಪೂರ್ತಿ ತಣಿದ ಮೇಲೇ ಬಳಸಬೇಕು, ಒಂದು ಕೇಕಿಗೆ ಸುಮಾರು 60 ಮಿ.ಲೀ.

ಬೆಣ್ಣೆ ಮತ್ತು ಮೊಟ್ಟೆ ಫ್ರಿಜ್ಜಿನಿಂದ ಎರಡು ಗಂಟೆ ಮೊದಲೇ ಹೊರಗಿರಲಿ. ಬೆಣ್ಣೆ, ಸಕ್ಕರೆಯನ್ನು ಬಣ್ಣ ಬಿಳಿಚುವವರೆಗೆ ಕಡೆಯಿರಿ, ಕೈಯಲ್ಲಾದರೆ ಹದಿನೈದು ನಿಮಿಷ ಹಿಡಿಯುತ್ತದೆ. ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ. ಮಿಶ್ರಣ ಒಡೆದ ಹಾಲಿನ ಹಾಗೆ ಕಂಡರೆ ಗಾಬರಿಯಾಗದೆ ಒಂದು ಚಮಚ ಮೈದಾ ಹಾಕಿ. ಬೇಕಿಂಗ್ ಪೌಡರ್ ಹಳೆಯದಾದರೆ ಮೊದಲೇ ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ, ಜೋರಾಗಿ ನೊರೆಯೇಳದಿದ್ದರೆ ಬೇರೆ ತನ್ನಿ. ಮಸಾಲೆಗೆ ಒಂದಿಂಚು ಚಕ್ಕೆ, ನಾಲ್ಕು ಲವಂಗ, ಎರಡು ಚಿಟಿಕೆ ಜಾಯಿಕಾಯಿ, ಕಾಲು ಚಮಚ ಒಣಶುಂಠಿ ಪುಡಿ, ಎಲ್ಲ ನಿಮ್ಮ ಸಾಂಬಾರ ಡಬ್ಬಿಯಲ್ಲೇ ಇದ್ದೀತು. ಜರಡಿ ಹಿಡಿದ ಮೈದಾ ಮತ್ತು ಕ್ಯಾರಮೆಲ್ಲನ್ನು ಮೂರು ಕಂತಿನಲ್ಲಿ ಸೇರಿಸಿ, ಮೈದಾ ಬಿದ್ದ ಮೇಲೆ ಕಡೆಯಬೇಡಿ, ಮಡಚಿದಂತೆ ಕಲಸಿ. ಹೆಚ್ಚು ಕಲಸಿದರೆ ಮೈದಾದ ಅಂಟು ಬಲಿತು ಕೇಕು ರಬ್ಬರಾಗುತ್ತದೆ. ಬಸಿದ ಹಣ್ಣನ್ನು ಬಟ್ಟೆಯಲ್ಲಿ ಒತ್ತಿ, ಅಳೆದಿಟ್ಟ ಮೈದಾದಲ್ಲೇ ತೆಗೆದಿಟ್ಟ ಒಂದು ದೊಡ್ಡ ಚಮಚದಲ್ಲಿ ಹೊರಳಿಸಿ ಕೊನೆಗೆ ಹಾಕಿ. ಬಸಿದ ರಸವನ್ನು ಚೆಲ್ಲಬೇಡಿ, ಬೆಂದ ಕೇಕಿನ ಮೇಲೆ ಎರಡು ಚಮಚ ಸವರಲು ಬೇಕು.

ಟಿನ್ನಿನ ತಳಕ್ಕೆ ಎರಡು ಪದರ ಬೆಣ್ಣೆ ಕಾಗದ ಹಾಕಿ. ಮೊದಲ ನಲವತ್ತು ನಿಮಿಷ ಮುಚ್ಚಳ ತೆಗೆಯಲೇಬೇಡಿ, ತಣ್ಣನೆ ಗಾಳಿ ತಾಗಿದರೆ ನಡು ಕುಸಿದು ಮತ್ತೆ ಏಳುವುದಿಲ್ಲ. ಒಂದು ಗಂಟೆಗೆ ತೊಳೆದ ತೆಂಗಿನ ಕಡ್ಡಿ ಚುಚ್ಚಿ ನೋಡಿ, ಒದ್ದೆ ಹಿಟ್ಟು ಅಂಟಿದರೆ ಇನ್ನು ಹತ್ತು ಹದಿನೈದು ನಿಮಿಷ ಬಿಡಿ. ಅದೇ ದಿನ ಕತ್ತರಿಸಿದರೆ ಪುಡಿಯಾಗುತ್ತದೆ. 22ರಂದು ಬೇಯಿಸಿ, ತಣಿದ ಮೇಲೆ ಸುತ್ತಿಟ್ಟು 24ರ ರಾತ್ರಿ ಕತ್ತರಿಸಿ. ಮದ್ಯವಿಲ್ಲದ ಕೇಕಾದ್ದರಿಂದ ಕರಾವಳಿಯ ಸೆಕೆಗೆ ನಾಲ್ಕು ದಿನಕ್ಕಿಂತ ಹೆಚ್ಚು ಹೊರಗಿಡಬೇಡಿ.

ಕುಸ್ವಾರಿಗೆ ಬರೋಣ. ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕೀಸ್, ಚಕ್ಕುಲಿ, ತುಕ್ಡಿ ಎಲ್ಲವನ್ನೂ ಒಬ್ಬರೇ ಮಾಡಬೇಕೆಂದು ಯಾರೂ ಹೇಳಿಲ್ಲ. ನೀವು ಎರಡು ಬಗೆ ಮಾಡಿ, ನೆಂಟರಲ್ಲೋ ವಾಳೆಯಲ್ಲೋ (ಚರ್ಚಿನ ನೆರೆಮನೆಗಳ ಗುಂಪು) ಇನ್ನಿಬ್ಬರಿಗೆ ಬೇರೆ ಬಗೆ ಹಂಚಿಕೊಟ್ಟು ಅದಲು ಬದಲು ಮಾಡಿಕೊಳ್ಳಿ. ಒಂದು ಬಾಣಲೆ ಎಣ್ಣೆಯಲ್ಲಿ ಒಂದು ಬಗೆ ಹೆಚ್ಚು ಮಾಡುವುದು ಆರು ಬಗೆ ಚೂರುಚೂರು ಮಾಡುವುದಕ್ಕಿಂತ ಅಗ್ಗ.

ಕಿಡಿಯೊಗೆ ಅರ್ಧ ಕಿಲೋ ಮೈದಾ, 60 ಗ್ರಾಂ ಚಿರೋಟಿ ರವೆ, ಅರ್ಧ ಚಮಚ ಉಪ್ಪು, ಮೂರು ದೊಡ್ಡ ಚಮಚ ಬಿಸಿ ತುಪ್ಪ. ಒಂದು ತೆಂಗಿನಕಾಯಿಯ ಗಟ್ಟಿ ಹಾಲಿಗೆ ಬೇಕಾದರೆ ನೀರು ಸೇರಿಸಿ 250 ಮಿ.ಲೀ. ಮಾಡಿ, ನೋಡಿಕೊಂಡು ಹಾಕುತ್ತ ಪೂರಿ ಹಿಟ್ಟಿಗಿಂತ ತುಸು ಮೆದುವಾಗಿ ನಾದಿ ಅರ್ಧ ಗಂಟೆ ಮುಚ್ಚಿಡಿ. ಗೋಲಿಗಿಂತ ಚಿಕ್ಕ ಉಂಡೆಯನ್ನು ಫೋರ್ಕಿನ ಹಿಂಬದಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿ. ಇದು ಮಕ್ಕಳೆಲ್ಲ ಕುಳಿತು ಮಾಡುವ ಕೆಲಸ. ಎಣ್ಣೆಗೆ ಒಂದು ಚೂರು ಬಿಟ್ಟಾಗ ನಿಧಾನವಾಗಿ ಮೇಲೇಳಬೇಕು. ತಟ್ಟನೆ ಎದ್ದು ಕೆಂಪಾದರೆ ಒಳಗೆ ಹಸಿ ಉಳಿದು ಮರುದಿನವೇ ಮೆತ್ತಗಾಗುತ್ತದೆ, ತಳದಲ್ಲೇ ಕುಳಿತರೆ ಎಣ್ಣೆ ಕುಡಿಯುತ್ತದೆ. 250 ಗ್ರಾಂ ಸಕ್ಕರೆಗೆ 90 ಮಿ.ಲೀ. ನೀರು ಹಾಕಿ ಗಟ್ಟಿ ಎಳೆ ಪಾಕ ಬಂದಾಗ ಒಲೆ ಆರಿಸಿ, ಕಿಡಿಯೊ ಸುರಿದು ಸಕ್ಕರೆ ಬಿಳಿಯಾಗಿ ಹಿಡಿಯುವ ತನಕ ಕೈಬಿಡದೆ ತಿರುವಿ.

ನೆವ್ರಿ ನಮ್ಮ ಕರ್ಜಿಕಾಯಿಯ ಬಳಗದ್ದೇ. ಕಣಕಕ್ಕೆ 250 ಗ್ರಾಂ ಮೈದಾ. ಹೂರಣಕ್ಕೆ ಪುಡಿ ಸಕ್ಕರೆ 125, ಕೊಬ್ಬರಿ 100, ಹುರಿಗಡಲೆ ಪುಡಿ 100, ಹುರಿದ ಎಳ್ಳು 40 ಗ್ರಾಂ, ಏಲಕ್ಕಿ. ಮೂವತ್ತರಷ್ಟು ಆಗುತ್ತವೆ, ಮನೆಗೆ ಮೂರರಂತೆ ಕೊಟ್ಟರೂ ನಿಮಗೆ ಉಳಿಯುತ್ತವೆ. ಹಸಿ ತೆಂಗಿನತುರಿ ಹಾಕುವುದಾದರೆ ಬಾಣಲೆಯಲ್ಲಿ ಗರಿಗರಿಯಾಗುವ ತನಕ ಹುರಿಯಲೇಬೇಕು, ತೇವ ಉಳಿದರೆ ಕೆಲವೇ ದಿನದಲ್ಲಿ ಕಮಟುತ್ತದೆ. ಅಂಚಿಗೆ ನೀರು ಸವರಿ ಬಿಗಿಯಾಗಿ ಒತ್ತಿ. ಒಂದು ನೆವ್ರಿ ಬಾಯಿ ಬಿಟ್ಟರೂ ಹೂರಣ ಎಣ್ಣೆಯಲ್ಲಿ ಸುಟ್ಟು ಉಳಿದೆಲ್ಲದಕ್ಕೂ ಕಪ್ಪು ಚುಕ್ಕೆ ಹಿಡಿಯುತ್ತದೆ. ಆದ್ದರಿಂದ ಮೊದಲು ಕಿಡಿಯೊ, ಆಮೇಲೆ ನೆವ್ರಿ ಕರಿಯಿರಿ. ಬಾಣಲೆ ಸಣ್ಣದು, ಆಳದ್ದು ಇರಲಿ, ಅರ್ಧ ಲೀಟರ್ ಎಣ್ಣೆಯಿಂದ ಶುರು ಮಾಡಿ ಇಳಿದಂತೆ ಸೇರಿಸಿ.

ಒಟ್ಟು ಚೀಟಿ ಹೀಗಿರಲಿ: ಮೈದಾ ಒಂದು ಕಿಲೋಗೆ ತುಸು ಮೇಲೆ, ಚಿರೋಟಿ ರವೆ 60 ಗ್ರಾಂ, ಸಕ್ಕರೆ ಒಂದು ಕಿಲೋ, ಎಣ್ಣೆ ಒಂದು ಲೀಟರ್, ಬೆಣ್ಣೆ 200 ಗ್ರಾಂ, ಮೊಟ್ಟೆ ನಾಲ್ಕು, ತೆಂಗಿನಕಾಯಿ ಒಂದು, ಕಿತ್ತಳೆ ನಾಲ್ಕು, ಮೇಲೆ ಹೇಳಿದ ಹಣ್ಣು, ಗೋಡಂಬಿ, ಹೂರಣದ ಸಾಮಾನು, ತುಪ್ಪ ಮತ್ತು ಬೇಕಿಂಗ್ ಪೌಡರ್ ಮನೆಯಲ್ಲಿ ಇಲ್ಲದಿದ್ದರೆ ಅವು. ದರ ಊರಿಂದೂರಿಗೆ ಬೇರೆ, ಅದಕ್ಕೇ ತೂಕದಲ್ಲೇ ಹೇಳಿದ್ದೇವೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ದರ ಹಾಕಿಸಿ ನೋಡಿ. ಮೊತ್ತ ಮೀರಿದರೆ ನೆವ್ರಿಯನ್ನು ಕೈಬಿಡಿ, ಕೇಕಿನ ಬೆಣ್ಣೆಯನ್ನಲ್ಲ.

ನಕ್ಷತ್ರಕ್ಕೂ ಅಂಗಡಿಗೆ ಹೋಗಬೇಕಿಲ್ಲ. ಎರಡಡಿಯ ಹತ್ತು ಬಿದಿರ ಕಡ್ಡಿಯಲ್ಲಿ ಐದೈದರ ಎರಡು ನಕ್ಷತ್ರ ಕಟ್ಟಿ, ತುದಿಗಳನ್ನು ಒಂದಕ್ಕೊಂದು ಬಿಗಿದು, ಒಳಗೆ ಕಡ್ಡಿಗಳು ಸೇರುವ ಐದು ಕಡೆ ಐದಿಂಚಿನ ತುಂಡು ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಕಾಗದ ಅಂಟಿಸಿ, ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೆಯ ಬಲ್ಬು ಕಾಗದ ಸುಡುತ್ತದೆ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲಿಗೆ, ನೆನೆಸಿದ ರಾಗಿಯನ್ನು ಹತ್ತು ದಿನ ಮೊದಲೇ ಗೆರಟೆಯ ಮಣ್ಣಿಗೆ ಚೆಲ್ಲಿ.

ಕೊನೆಗೊಂದು ಮಾತು, ಎಂಟು ಮನೆಗಳಲ್ಲಿ ಮೊಟ್ಟೆ ತಿನ್ನದವರೂ ಇರಬಹುದಲ್ಲ. ಮೇಲೆ ಹೇಳಿದ ಕಿಡಿಯೊ, ನೆವ್ರಿ ಎರಡರಲ್ಲೂ ಮೊಟ್ಟೆ ಇಲ್ಲ. ಅವರ ತಟ್ಟೆಗೆ ಕೇಕಿನ ಬದಲು ಕಿಡಿಯೊ ಒಂದು ಹಿಡಿ ಹೆಚ್ಚು ಹಾಕಿ, ಕೇಕು ಕತ್ತರಿಸುವ ಮೊದಲೇ ಕಟ್ಟಿ ಬೇರೆ ಇಡಿ, ಕೊಡುವಾಗ ಮೊಟ್ಟೆ ಹಾಕಿಲ್ಲವೆಂದು ಬಾಯಿಬಿಟ್ಟು ಹೇಳಿ.