ಹಲವರು ಬಳಸುವ ಲಿನಕ್ಸ್ ಸರ್ವರ್‌ನಲ್ಲಿ ನನ್ನ ಲೈಬ್ರರಿ ಸಿಗುತ್ತಿಲ್ಲ, ಏನು ಮಾಡಲಿ?

ಲೈಬ್ರರಿಯನ್ನು ಹೋಮ್ ಫೋಲ್ಡರ್‌ನಲ್ಲಿ ಹಾಕಿದ್ದೀರಿ, ಕಂಪೈಲ್ ಕೂಡ ಆಗಿದೆ. ಆದರೆ ಪ್ರೋಗ್ರಾಂ ಓಡಿಸಿದರೆ ಶೇರ್ಡ್ ಆಬ್ಜೆಕ್ಟ್ ಫೈಲ್ (ಅಂದರೆ ಲೈಬ್ರರಿಯ ಫೈಲ್) ತೆರೆಯಲಾಗಲಿಲ್ಲ ಅನ್ನುತ್ತದೆ, ಅಲ್ವಾ?

ಕಂಪೈಲ್ ಮಾಡುವಾಗ ಕೊಟ್ಟ ದಾರಿ, ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವ ಲಿಂಕರ್‌ಗೆ ಮಾತ್ರ. ಓಡಿಸುವಾಗ ಹುಡುಕುವುದು ಡೈನಾಮಿಕ್ ಲೋಡರ್. ಅದಕ್ಕೆ ನಿಮ್ಮ ಫೋಲ್ಡರ್ ಗೊತ್ತಿಲ್ಲ. ಮೊದಲು ಎಲ್‌ಡಿಡಿ ಕಮಾಂಡ್‌ಗೆ ಪ್ರೋಗ್ರಾಂ ಹೆಸರು ಕೊಡಿ. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ, ಯಾವುದು ಸಿಕ್ಕಿಲ್ಲ ಎಂದು ಅದು ತೋರಿಸುತ್ತದೆ.

ಇಡೀ ಯಂತ್ರಕ್ಕೆ ಅನ್ವಯಿಸಲು ಎಲ್‌ಡಿಕಾನ್ಫಿಗ್ ಕಮಾಂಡ್ ಇದೆ. ಅದಕ್ಕೆ ರೂಟ್ (ಯಂತ್ರದ ಮೇಲ್ವಿಚಾರಕರ) ಅಧಿಕಾರ ಬೇಕು, ನಮ್ಮ ಕೈಯಲ್ಲಿಲ್ಲ.

ಹೆಚ್ಚಿನವರು ಹೇಳುವುದು ಎಲ್‌ಡಿ_ಲೈಬ್ರರಿ_ಪಾತ್ ಎಂಬ ವೇರಿಯೇಬಲ್‌ಗೆ ನಿಮ್ಮ ಫೋಲ್ಡರ್ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ ಎಂದು. ಪರೀಕ್ಷೆಗೆ ಸರಿ. ಆದರೆ ಸುಮ್ನೆ ಬ್ಯಾಶ್‌ಆರ್‌ಸಿಯಲ್ಲಿ (ಶೆಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದಾಗಲೆಲ್ಲ ಓದುವ ಫೈಲ್) ಬರೆದಿಡಬೇಡಿ. ಆ ಶೆಲ್‌ನಿಂದ ಓಡುವ ಎಲ್ಲ ಪ್ರೋಗ್ರಾಂಗಳಿಗೂ ಅದು ತಗುಲುತ್ತದೆ. ಸಂಬಂಧವೇ ಇಲ್ಲದ ಪ್ರೋಗ್ರಾಂ ಒಂದು ದಿನ ನಿಮ್ಮ ಹಳೆಯ ಲೈಬ್ರರಿ ಎತ್ತಿಕೊಂಡು ಕೆಡುತ್ತದೆ. ಕಾರಣ ಹುಡುಕಲು ನನಗೆ ಒಮ್ಮೆ ಇಡೀ ಮಧ್ಯಾಹ್ನ ಹಿಡಿದಿತ್ತು! ಇನ್ನೊಂದು ತೊಡಕು: ವೇರಿಯೇಬಲ್ ಮೊದಲು ಖಾಲಿಯಿದ್ದು ಕೊನೆಯಲ್ಲಿ ಕೋಲನ್ ಉಳಿದರೆ, ಲೋಡರ್ ಅದನ್ನು ಈಗಿರುವ ಫೋಲ್ಡರ್ ಎಂದೇ ಓದುತ್ತದೆ. ಹಲವರು ಬರೆಯಬಲ್ಲ ಟೆಂಪ್ ಫೋಲ್ಡರ್‌ನಲ್ಲಿ ನೀವಿದ್ದರೆ ಅದು ಅಪಾಯ.

ನನ್ನ ಆಯ್ಕೆ ಆರ್‌ಪಾತ್. ಲಿಂಕ್ ಮಾಡುವಾಗಲೇ ದಾರಿಯನ್ನು ಪ್ರೋಗ್ರಾಂ ಒಳಗೆ ಬರೆಸಿಬಿಡಿ. ಮತ್ತೆ ಕಂಪೈಲ್ ಮಾಡಲಾಗದಿದ್ದರೆ ಸಿದ್ಧ ಪ್ರೋಗ್ರಾಂ ಒಳಗಿನ ಈ ದಾರಿಯನ್ನು ಬದಲಿಸುವ ಪ್ಯಾಚ್‌ಎಲ್ಫ್ ಬಳಸಿ. ಅದೂ ಬೇಡವೆಂದರೆ ಎರಡು ಸಾಲಿನ ಸ್ಕ್ರಿಪ್ಟ್ ಬರೆದು, ವೇರಿಯೇಬಲ್ ಅನ್ನು ಆ ಒಂದು ಪ್ರೋಗ್ರಾಂಗೆ ಮಾತ್ರ ಕೊಡಿ.

ಅಂದಹಾಗೆ, ನಿಮ್ಮ ಸರ್ವರ್‌ನಲ್ಲಿ ಮೊದಲೇ ಹಾಕಿಟ್ಟ ಸಾಫ್ಟ್‌ವೇರ್ ಆರಿಸಿಕೊಳ್ಳುವ ಮಾಡ್ಯೂಲ್ ಕಮಾಂಡ್ ಇದೆಯೇ ನೋಡಿ. ನಿಮಗೆ ಬೇಕಾದ ಲೈಬ್ರರಿಯನ್ನು ಯಾರೋ ಆಗಲೇ ಹಾಕಿರಬಹುದು.