ಸಣ್ಣ ತಳಿಯ ನಾಯಿಮರಿಯನ್ನು ಅಜಿಲಿಟಿಗೆ ಮನೆಯಲ್ಲೇ ಸಿದ್ಧಗೊಳಿಸುವುದು ಹೇಗೆ?

ಸುಂಟಿಕೊಪ್ಪದ ಸಮೀಪದ ತೋಟದ ಮನೆಯಲ್ಲಿ ನಾಲ್ಕೂವರೆ ತಿಂಗಳ ಮಿನಿಯೇಚರ್ ಪಿನ್ಷರ್ ಮರಿಯನ್ನು ಸಾಕಿದ್ದೀರಿ, ಮುಂದೆ ಅದನ್ನು ಅಜಿಲಿಟಿಗೆ, ಎಂದರೆ ನಾಯಿಗಳು ಸಾಲು ಅಡೆತಡೆಗಳನ್ನು ದಾಟುತ್ತ ಓಡುವ ಸ್ಪರ್ಧೆಗೆ, ಇಳಿಸುವ ಆಸೆಯಿದೆ, ಹತ್ತಿರದಲ್ಲಿ ಕಲಿಸುವವರಿಲ್ಲ. ಪಿವಿಸಿ ಪೈಪಿನಿಂದ ಹರ್ಡಲ್ ಮಾಡಿಟ್ಟಾಗಿದೆ, ಮರಿ ಈಗಾಗಲೇ ಸೋಫಾದ ಮೇಲಿಂದ ಸಲೀಸಾಗಿ ಹಾರುತ್ತದೆ, ಆದ್ದರಿಂದ ಇಂದೇ ಆರಂಭಿಸಬಹುದೇ ಎಂದು ಕೇಳಿದ್ದೀರಿ. ತರಬೇತಿಯನ್ನು ಧಾರಾಳವಾಗಿ ಇಂದೇ ಆರಂಭಿಸಿ; ಹರ್ಡಲನ್ನು ಮಾತ್ರ ಸದ್ಯಕ್ಕೆ ಅಟ್ಟಕ್ಕೆ ಹಾಕಿ. ನಾನು ಪಶುವೈದ್ಯನಲ್ಲ, ವಿರಾಜಪೇಟೆಯ ಕಡೆ ಬಹಳ ಕಾಲದಿಂದ ಸಣ್ಣ ನಾಯಿಗಳನ್ನು ಸಾಕಿ ಪಳಗಿಸುತ್ತ ಬಂದವನು. ಆ ಅನುಭವದ ಮೇಲೆ ಹೇಳುವುದಾದರೆ, ಮೊದಲ ವರ್ಷದಲ್ಲಿ ಮರಿ ಕಲಿಯಬೇಕಾದದ್ದು ತನ್ನ ನಾಲ್ಕು ಕಾಲುಗಳ ಅರಿವು, ಅಲುಗಾಡುವ ಮತ್ತು ಸದ್ದು ಮಾಡುವ ವಸ್ತುಗಳ ಬಗ್ಗೆ ಧೈರ್ಯ, ಹಾಗೂ ನಿಮ್ಮೊಡನೆ ಆಡುವ ಹುರುಪು. ಹಾರುವುದನ್ನು ಕೊನೆಯಲ್ಲಿ ಕಲಿಸಿದರೂ ಅದು ಬೇಗ ಬರುತ್ತದೆ.

ಕಾರಣ ಮೂಳೆಗಳಲ್ಲಿದೆ. ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಗೆಂದೇ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಸಣ್ಣ ತಳಿಗಳಲ್ಲಿ ಅದು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ತಿಂಗಳ ನಡುವೆ ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಆ ಜಾಗವೇ ಅತ್ಯಂತ ದುರ್ಬಲ. ಪೆಟ್ಟು ಬಿದ್ದರೆ ಕಾಲು ವಕ್ರವಾಗಿ ಬೆಳೆಯುವ ಸಂಭವವೂ ಉಂಟು. ಪಿನ್ಷರ್, ಪೊಮೆರೇನಿಯನ್‌ನಂತಹ ಹಗುರ ತಳಿಗಳಲ್ಲಿ ಇನ್ನೊಂದು ಅಪಾಯವಿದೆ: ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗದ ಎರಡು ಮೂಳೆಗಳು ಪೆನ್ಸಿಲ್‌ನಷ್ಟು ತೆಳುವಾಗಿದ್ದು, ಅಲ್ಲಿಗೆ ರಕ್ತಸಂಚಾರವೂ ಕಡಿಮೆ. ಸೋಫಾದಿಂದಲೋ ಮಕ್ಕಳ ತೋಳಿನಿಂದಲೋ ಹಾರಿದಾಗ ಮುರಿಯುವುದು ಹೆಚ್ಚಾಗಿ ಅಲ್ಲಿಯೇ, ಮತ್ತು ಒಮ್ಮೆ ಮುರಿದರೆ ಕೂಡಿಕೊಳ್ಳುವುದೂ ನಿಧಾನ. ಹೀಗಾಗಿ ನೀವು ಅರ್ಹತೆ ಎಂದು ಭಾವಿಸಿರುವ ಸೋಫಾ ಜಿಗಿತವನ್ನೇ ಮೊದಲು ನಿಲ್ಲಿಸಬೇಕು. ಸೋಫಾಕ್ಕೆ ಒರಗಿಸಿ, ಜಾರದಂತೆ ಗೋಣಿ ಹೊದಿಸಿದ ಹಲಗೆಯ ಇಳಿಜಾರೊಂದನ್ನು ಇಡಿ, ಇಲ್ಲವೇ ಮೇಲೆ ಹತ್ತದಂತೆ ಅಭ್ಯಾಸ ಮಾಡಿಸಿ.

ಅವಸರಕ್ಕೆ ಕಾರಣವೂ ಇಲ್ಲ. ಈ ಕ್ರೀಡೆ 1978ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಬಿಡುವಿನ ವೇಳೆಯ ಮನರಂಜನೆಯಾಗಿ, ಕುದುರೆಗಳ ಜಿಗಿತ ಸ್ಪರ್ಧೆಯ ಮಾದರಿಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಈಗ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮದಂತೆ ಹದಿನೆಂಟು ತಿಂಗಳು ತುಂಬದ ನಾಯಿಗೆ ಸ್ಪರ್ಧಿಸಲು ಅವಕಾಶವಿಲ್ಲ. ಭುಜದ ಎತ್ತರ 35 ಸೆಂ.ಮೀ.ಗಿಂತ ಕಡಿಮೆಯಿರುವ ನಾಯಿಗಳು ಸಣ್ಣ ವರ್ಗಕ್ಕೆ ಸೇರುತ್ತವೆ, ಅವುಗಳಿಗೆ ಹರ್ಡಲಿನ ಎತ್ತರ 25ರಿಂದ 30 ಸೆಂ.ಮೀ. ಮಿನಿಯೇಚರ್ ಪಿನ್ಷರ್‌ನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ; ಎಂದರೆ ಅದು ತನ್ನ ಭುಜದಷ್ಟೇ ಎತ್ತರವನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ. ಇಷ್ಟು ಕೆಲಸಕ್ಕೆ ಬೆಳೆದು ಮುಗಿದ ಮೂಳೆ ಮತ್ತು ಬಲಿತ ಹಿಂಗಾಲು ಬೇಕು.

ಆರಂಭಿಸುವ ಮುನ್ನ ಪಶುವೈದ್ಯರ ಬಳಿ ಒಮ್ಮೆ ಹೋಗಿ ಬನ್ನಿ, ಮತ್ತು ಲಸಿಕೆಗಳ ಜೊತೆಗೆ ಮಂಡಿಚಿಪ್ಪನ್ನು ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಸಣ್ಣ ತಳಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ತನ್ನ ಜಾಗದಿಂದ ಪಕ್ಕಕ್ಕೆ ಸರಿಯುವ ದೋಷ ಬಹಳ ಸಾಮಾನ್ಯ. ಅದರ ಗುರುತು ಹೀಗಿರುತ್ತದೆ: ಚೆನ್ನಾಗಿ ಓಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಒಂದು ಹಿಂಗಾಲನ್ನು ಮಡಚಿಕೊಂಡು ಎರಡು ಮೂರು ಹೆಜ್ಜೆ ಕುಪ್ಪಳಿಸಿ, ಕಾಲನ್ನೊಮ್ಮೆ ಹಿಂದಕ್ಕೆ ಝಾಡಿಸಿ, ಏನೂ ಆಗದಂತೆ ಮತ್ತೆ ಓಡತೊಡಗುತ್ತದೆ. ನೋಡುವವರಿಗೆ ಅದು ತುಂಟತನದಂತೆ ಕಾಣುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರೆ ಅವರಿಗೂ ಅನುಕೂಲ. ಆರು ತಿಂಗಳ ಹೊತ್ತಿಗೆ ಹಾಲುಹಲ್ಲುಗಳು ಉದುರದೆ ಹೊಸ ಹಲ್ಲಿನ ಪಕ್ಕದಲ್ಲೇ ನಿಂತಿದ್ದರೆ ಅದನ್ನೂ ತೋರಿಸಿ. ಕುತ್ತಿಗೆಯ ಬೆಲ್ಟ್ ಎಳೆದರೆ ಸಣ್ಣ ತಳಿಗಳ ಶ್ವಾಸನಾಳಕ್ಕೆ ತೊಂದರೆಯಾಗುವುದರಿಂದ ಎದೆಗೆ ಕಟ್ಟುವ ಹಾರ್ನೆಸ್ ಬಳಸುವುದು ಒಳ್ಳೆಯದು.

ಇನ್ನು ನೆಲ. ನಮ್ಮ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವಾಗಲಿ, ಹೊಸ ಮನೆಗಳ ಟೈಲ್ಸ್ ಆಗಲಿ, ಮರಿಯ ಕಾಲಿಗೆ ಎರಡೂ ಕೆಟ್ಟವು. ಜಾರುವ ನೆಲದಲ್ಲಿ ಕಲಿತ ಮರಿ ಹಿಂಗಾಲನ್ನು ಅಗಲಿಸಿ ನಡೆಯುವ ಅಭ್ಯಾಸ ಮಾಡಿಕೊಳ್ಳುತ್ತದೆ. ರಬ್ಬರ್ ಮ್ಯಾಟ್ ಉತ್ತಮ, ಅದಿಲ್ಲದಿದ್ದರೆ ಕಾಫಿ ತುಂಬುವ ಗೋಣಿಚೀಲಗಳನ್ನು ನಾಲ್ಕೂ ಮೂಲೆ ಸರಿಯದಂತೆ ಬಿಗಿದು ಹಾಸಬಹುದು. ಉಗುರುಗಳು ನಡೆಯುವಾಗ ನೆಲಕ್ಕೆ ತಾಗಿ ಟಕಟಕ ಸದ್ದು ಮಾಡುತ್ತಿದ್ದರೆ ಕತ್ತರಿಸುವ ಕಾಲ ಬಂದಿದೆ ಎಂದರ್ಥ. ಕಾಫಿ ಒಣಗಿಸುವ ಕಣ ವಿಶಾಲವಾಗಿ ಸಮತಟ್ಟಾಗಿರುವುದರಿಂದ ನಿಮಗೆ ಆಕರ್ಷಕವಾಗಿ ತೋರಬಹುದು. ಬೆಳಿಗ್ಗೆ ಹೊತ್ತು ನಡೆದಾಡಲು ಅದು ಸರಿ, ಆದರೆ ಸಿಮೆಂಟಿನ ಮೇಲೆ ಓಟ, ಹಠಾತ್ ತಿರುವು ಬೇಡ.

ವ್ಯಾಯಾಮಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಮಣೆಯ ಅಭ್ಯಾಸಕ್ಕೆ. ಹೆಚ್ಚಿನ ನಾಯಿಗಳಿಗೆ ತಮಗೆ ಮುಂಗಾಲುಗಳಿವೆ ಎಂಬುದು ಗೊತ್ತು. ಹಿಂಗಾಲುಗಳು ಮುಂಗಾಲುಗಳ ಹಿಂದೆ ಹೇಗೋ ಬರುತ್ತವೆ ಎಂಬುದಷ್ಟೇ ಅವುಗಳ ತಿಳಿವಳಿಕೆ. ಊಟಕ್ಕೆ ಕೂರುವ ತಗ್ಗಿನ ಮರದ ಮಣೆಯೊಂದಕ್ಕೆ ಒರಟು ಬಟ್ಟೆ ಸುತ್ತಿ ನೆಲದ ಮೇಲಿಡಿ. ತಿಂಡಿಯ ಚೂರನ್ನು ಮರಿಯ ಮೂಗಿನ ಮುಂದೆ ಹಿಡಿದು ಮಣೆಯ ಮೇಲಕ್ಕೆ ಕರೆಯಿರಿ. ಎರಡು ಮುಂಗಾಲುಗಳು ಮೇಲೇರಿದ ಕೂಡಲೇ "ಭೇಷ್" ಎಂದು ಚೂರನ್ನು ಕೊಡಿ. ಇದು ಸಲೀಸಾದ ಮೇಲೆ ನೀವು ಮರಿಯ ಎದುರು ನಿಂತು, ಮಣೆಯ ಸುತ್ತ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಿಮ್ಮತ್ತ ಮುಖ ಮಾಡಿಕೊಳ್ಳಲು ಮರಿ ಮುಂಗಾಲುಗಳನ್ನು ಮಣೆಯ ಮೇಲೆಯೇ ಊರಿ, ಹಿಂಗಾಲೊಂದನ್ನು ಎತ್ತಿ ಪಕ್ಕಕ್ಕೆ ಇಡುತ್ತದೆ. ಆ ಒಂದು ಹೆಜ್ಜೆಗೇ ಬಹುಮಾನ ಸಿಗಬೇಕು. ಕ್ರಮೇಣ ಮಣೆಯ ಸುತ್ತ ಪೂರ್ತಿ ಒಂದು ಸುತ್ತು ಬರುವುದನ್ನು ಎರಡೂ ದಿಕ್ಕಿನಲ್ಲಿ ಕಲಿಸಿ. ಒಂದು ದಿಕ್ಕಿಗೆ ಸರಾಗವಾಗಿ ತಿರುಗುವ ಮರಿ ಇನ್ನೊಂದು ದಿಕ್ಕಿಗೆ ತಡವರಿಸುವುದು ಸಹಜ. ಆ ಕಡೆಗೆ ತುಸು ಹೆಚ್ಚು ಅಭ್ಯಾಸ ಬೇಕು. ಮುಂದೆ ಬಿಗಿಯಾದ ತಿರುವುಗಳಲ್ಲಿ ಮೈ ಎಳೆದುಕೊಳ್ಳುವ ಶಕ್ತಿ, ಎತ್ತರದ ಹಲಗೆಯ ಮೇಲೆ ಕಾಲು ತಪ್ಪದ ನಿಗಾ, ಎರಡೂ ಈ ಅಭ್ಯಾಸದಿಂದಲೇ ಬರುತ್ತವೆ.

ಇದರ ಜೊತೆಗೆ ತೆಳುವಾದ ನಾಲ್ಕೈದು ಬಿದಿರಿನ ಕೋಲುಗಳನ್ನು, ಮರಿಯ ಭುಜದ ಎತ್ತರದಷ್ಟು ಅಂತರ ಬಿಟ್ಟು, ನೆಲದ ಮೇಲೆ ಸಾಲಾಗಿ ಇಟ್ಟು ನಿಧಾನವಾಗಿ ದಾಟಿಸಿ. ಕೋಲುಗಳು ನೆಲದಲ್ಲೇ ಇರಲಿ. ಹಾರಿ ದಾಟಲು ನೋಡಿದರೆ ನಿಮ್ಮ ನಡಿಗೆಯನ್ನು ಇನ್ನಷ್ಟು ನಿಧಾನಗೊಳಿಸಿ.

ಹಲಗೆಯ ಅಭ್ಯಾಸಕ್ಕೆ 30 ಸೆಂ.ಮೀ. ಅಗಲದ ಸಿಲ್ವರ್ ಓಕ್ ಹಲಗೆ ಸಾಕು, ಸ್ಪರ್ಧೆಯಲ್ಲಿ ನಾಯಿ ಹತ್ತಿ ನಡೆದು ಇಳಿಯುವ ಎತ್ತರದ ಹಲಗೆಯ ಅಗಲವೂ ಅಷ್ಟೇ. ಮೊದಲು ನೆಲಕ್ಕೆ ತಾಗಿಸಿಟ್ಟು ನಡೆಸಿ, ಕೆಲವು ವಾರಗಳ ನಂತರ ಎರಡೂ ತುದಿಗೆ ಒಂದೊಂದು ಇಟ್ಟಿಗೆ ಕೊಡಿ. ಸ್ಪರ್ಧೆಯಲ್ಲಿ ಹಲಗೆ ಇಳಿಯುವಾಗ ಕೊನೆಯ ಬಣ್ಣದ ಭಾಗವನ್ನು ನಾಯಿ ಕಡ್ಡಾಯವಾಗಿ ಮೆಟ್ಟಬೇಕು, ಮೇಲಿಂದಲೇ ಹಾರಿದರೆ ತಪ್ಪೆಂದು ಎಣಿಸುತ್ತಾರೆ. ಆದ್ದರಿಂದ ಹಲಗೆಯ ತುದಿಯಲ್ಲಿ ಹಿಂಗಾಲುಗಳೆರಡೂ ಹಲಗೆಯ ಮೇಲೆ, ಮುಂಗಾಲುಗಳೆರಡೂ ನೆಲದ ಮೇಲೆ ಇರುವಂತೆ ನಿಲ್ಲುವುದನ್ನು ಈಗಲೇ ಕಲಿಸಿ. ತಿಂಡಿಯನ್ನು ಕೈಯಿಂದ ಕೊಡದೆ ಮರಿಯ ಮೂಗಿನ ನೇರಕ್ಕೆ ನೆಲದ ಮೇಲಿಟ್ಟರೆ ಅದು ತಲೆ ತಗ್ಗಿಸಿ ಅಲ್ಲಿಯೇ ನಿಲ್ಲುತ್ತದೆ.

ಸಣ್ಣ ನಾಯಿಗಳಿಗೆ ನಿಜವಾಗಿ ಕಷ್ಟವಾಗುವುದು ಏತದಂತೆ ಏರಿಳಿಯುವ ಸೀ-ಸಾ. ಹಲಗೆ ವಾಲುವುದು, ನೆಲಕ್ಕೆ ಬಡಿದು "ಧಡ್" ಎನ್ನುವುದು, ಎರಡೂ ಅವುಗಳಿಗೆ ಗಾಬರಿ. ಇಳಿತುದಿಯ ಬಣ್ಣದ ಭಾಗದ ಮಧ್ಯೆ ಒಂದು ಕಿಲೋ ತೂಕವಿಟ್ಟರೆ ಎರಡು-ಮೂರು ಸೆಕೆಂಡಿನಲ್ಲಿ ಹಲಗೆ ನೆಲ ಮುಟ್ಟಬೇಕೆಂಬ ನಿಯಮವಿರುವುದು ಹಗುರವಾದ ನಾಯಿಗಳಿಗಾಗಿಯೇ. ಮನೆಯಲ್ಲಿ ಚಿಕ್ಕ ಹಲಗೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದು ಒಂದೆರಡು ಅಂಗುಲ ವಾಲುವುದಕ್ಕೆ ಮರಿಯನ್ನು ಒಗ್ಗಿಸಿ. ಸದ್ದನ್ನು ಬೇರೆಯಾಗಿ ಕಲಿಸಬೇಕು: ಮರಿ ಊಟ ಮಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಸ್ಟೀಲ್ ತಟ್ಟೆಯನ್ನು ಮೆಲ್ಲಗೆ ಬಡಿಯಿರಿ, ಅದು ತಲೆಯೆತ್ತಿ ನೋಡಿ ಮತ್ತೆ ಊಟಕ್ಕಿಳಿದರೆ ಮರುದಿನ ತುಸು ಹತ್ತಿರ ಬನ್ನಿ, ಊಟ ಬಿಟ್ಟು ಎದ್ದರೆ ದೂರ ಹೋಗಿ. ಕೊಡಗಿನಲ್ಲಿ ಈ ಪಾಠಕ್ಕೆ ಬೇರೊಂದು ಮಹತ್ವವೂ ಇದೆ. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು, ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಹಾರಿಸುವ ಕುಶಾಲತೋಪು, ಆನೆ ಓಡಿಸಲು ಸಿಡಿಸುವ ಪಟಾಕಿ, ಇವೆಲ್ಲ ಮರಿಯ ಕಿವಿಗೆ ಬಿದ್ದೇ ಬೀಳುತ್ತವೆ. ಅಂತಹ ದಿನಗಳಲ್ಲಿ ಬಾಗಿಲು ಮುಚ್ಚಿ ಒಳಗಿಟ್ಟುಕೊಳ್ಳಿ. ಧೈರ್ಯ ಬರಲೆಂದು ಕೋವಿಯ ಪಕ್ಕಕ್ಕೆ ಕರೆದೊಯ್ಯುವವರನ್ನು ಕಂಡಿದ್ದೇನೆ. ಹಾಗೆ ಬೆದರಿದ ಮರಿ ಮತ್ತೆ ಯಾವ ಸದ್ದಿಗೂ ಹತ್ತಿರ ಸುಳಿಯುವುದಿಲ್ಲ.

ಸುರಂಗಕ್ಕೆ ಎರಡೂ ಬದಿ ತೆರೆದ ರಟ್ಟಿನ ಪೆಟ್ಟಿಗೆ, ಆಮೇಲೆ ಮಕ್ಕಳ ಆಟದ ಬಟ್ಟೆಯ ಸುರಂಗ ಸಾಕಾಗುತ್ತದೆ; ಉರುಳದಂತೆ ಎರಡೂ ಪಕ್ಕ ಮರಳುಚೀಲ ಒತ್ತಿಡಿ. ಸಾಲಾಗಿ ನೆಟ್ಟ ಕಂಬಗಳ ನಡುವೆ ಬಳುಕುತ್ತ ಓಡುವ ವೀವ್ ಅಭ್ಯಾಸವನ್ನು ಮೂಳೆ ಬಲಿಯುವವರೆಗೆ ಮಾಡಿಸಬೇಡಿ, ಎಳೆಯ ಬೆನ್ನುಮೂಳೆಗೆ ಅದು ಭಾರ. ಬದಲಿಗೆ ಅಂಗಳದ ಮರವೊಂದನ್ನು ಎಡದಿಂದಲೂ ಬಲದಿಂದಲೂ ಸುತ್ತಿ ಬರುವುದನ್ನು ಕಲಿಸಿ. ವೈದ್ಯರು ಎಕ್ಸ್‌ರೇ ನೋಡಿ ಬೆಳವಣಿಗೆ ಮುಗಿದಿದೆ ಎಂದ ಮೇಲೆ ಹರ್ಡಲನ್ನು ಅಟ್ಟದಿಂದ ಕೆಳಗಿಳಿಸಿ, ತಾಗಿದರೆ ಅಡ್ಡಕೋಲು ಸುಲಭವಾಗಿ ಬೀಳುವಂತೆ ಸರಿಪಡಿಸಿ, ಐದು ಸೆಂ.ಮೀ. ಎತ್ತರದಿಂದ ಆರಂಭಿಸಬಹುದು.

ಅಭ್ಯಾಸದ ಅವಧಿ ಎರಡು ಮೂರು ನಿಮಿಷ ಮೀರಬಾರದು, ದಿನಕ್ಕೆ ಎರಡು ಮೂರು ಬಾರಿ ಸಾಕು. ಬೇಯಿಸಿದ ಕೋಳಿಯ ಅಥವಾ ಮೊಟ್ಟೆಯ ಚೂರು ಕಡಲೆಬೇಳೆಗಿಂತ ದೊಡ್ಡದಿರಬಾರದು, ಅಷ್ಟನ್ನು ದಿನದ ಊಟದಲ್ಲಿ ಕಡಿತಗೊಳಿಸಬೇಕು. ಪಂದಿ ಕರಿಯ (ಹಂದಿಮಾಂಸದ ಸಾರಿನ) ಕೊಬ್ಬನ್ನು ಮರಿ ಎಷ್ಟೇ ಕಾಡಿದರೂ ಕೊಡಬೇಡಿ, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಸಣ್ಣ ಮರಿಗಳಿಗೆ ರಕ್ತದ ಸಕ್ಕರೆ ಬೇಗ ಇಳಿಯುವುದರಿಂದ ಬಹಳ ಹೊತ್ತಿನ ಖಾಲಿ ಹೊಟ್ಟೆಯಲ್ಲಿ ಆಡಿಸಬಾರದು. ಹಗ್ಗ ಎಳೆದಾಡುವ ಆಟವನ್ನು ಹಲ್ಲು ಬದಲಾಗುವವರೆಗೆ ಮೆದುವಾಗಿ, ಕೈಯನ್ನು ನೆಲದ ಮಟ್ಟದಲ್ಲೇ ಇಟ್ಟು ಆಡಿ.

ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿಗಟ್ಟಿ ಜಾರುವುದರಿಂದ ಜಗಲಿಯೇ ಗತಿ. ಹೊರಗೆ ಹೋಗಿ ಬಂದಾಗಲೆಲ್ಲ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ, ಜಿಗಣೆ, ಉಣ್ಣಿಗಳಿವೆಯೇ ನೋಡಿ. ಇಲಿಜ್ವರದ ಲಸಿಕೆಯನ್ನು ತಪ್ಪಿಸಬೇಡಿ. ತೋಟದಲ್ಲಿ ಶಂಖದ ಹುಳುವಿಗೆಂದು ತವುಡು, ಬೆಲ್ಲ ಬೆರೆಸಿ ಇಡುವ ವಿಷ ಮರಿಗೂ ರುಚಿಯೇ, ಆದ್ದರಿಂದ ಇಟ್ಟ ಜಾಗವನ್ನು ಕೆಲಸದವರಿಂದ ಕೇಳಿ ತಿಳಿದುಕೊಳ್ಳಿ. ಕೆಫೀನ್ ಕಾರಣದಿಂದ ಕಾಫಿ ಬೀಜವೂ ಅಪಾಯಕಾರಿಯಾದ್ದರಿಂದ ಕೊಯ್ಲಿನ ತಿಂಗಳುಗಳಲ್ಲಿ ಕಣದ ಕಡೆಗೆ ಬಿಡಬೇಡಿ. ಕತ್ತಲಾದ ಮೇಲೆ ಅಂಗಳದಲ್ಲಿ ಒಂಟಿಯಾಗಿ ಬಿಟ್ಟರೆ ಚಿರತೆಗೆ ಇಷ್ಟು ಸಣ್ಣ ನಾಯಿ ಒಂದು ತುತ್ತು.

ವರ್ಷ ತುಂಬಿದ ಮೇಲೆ ಮೈಸೂರು ಅಥವಾ ಬೆಂಗಳೂರಿನ ತರಬೇತುದಾರರ ಬಳಿ ಹೋಗುವುದಾದರೆ, ಮೊದಲ ದಿನ ಅವರು ಮರಿಯ ವಯಸ್ಸನ್ನೂ ಮಂಡಿಯ ಸ್ಥಿತಿಯನ್ನೂ ಕೇಳುತ್ತಾರೆಯೇ ಎಂಬುದನ್ನು ಗಮನಿಸಿ. ಕೇಳದೆ ಹರ್ಡಲ್ ಮುಂದೆ ನಿಲ್ಲಿಸಿದರೆ ಬೇರೆಯವರನ್ನು ಹುಡುಕುವುದು ಲೇಸು. ತರಬೇತಿಯ ಜಾಗದಲ್ಲಿ ನಾಯಿಯ ಸರದಿ ಒಂದು ನಿಮಿಷದೊಳಗೆ ಮುಗಿದು, ಉಳಿದ ಹೊತ್ತೆಲ್ಲ ಬೇರೆ ನಾಯಿಗಳ ಓಟ ನೋಡುತ್ತ ಪಂಜರದಲ್ಲಿ ಕಾಯಬೇಕಾಗುತ್ತದೆ. ಪ್ಲಾಸ್ಟಿಕ್ ಪಂಜರವೊಂದನ್ನು ಈಗಲೇ ತಂದು, ಬಾಗಿಲು ತೆರೆದಿಟ್ಟು, ಮಧ್ಯಾಹ್ನದ ಊಟವನ್ನು ಅದರೊಳಗೆ ಹಾಕಲು ಶುರುಮಾಡಿ. ಮರಿ ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಬಾಗಿಲು ಹಾಕಿ ಕೆಲವು ನಿಮಿಷ ಪಕ್ಕದಲ್ಲಿ ಕುಳಿತಿರಿ, ಆಮೇಲೆ ಅದೇ ಪಂಜರವನ್ನು ಕಾರಿನಲ್ಲಿಟ್ಟು ಕುಶಾಲನಗರದವರೆಗೆ ಹೋಗಿ ಬರುವ ಅಭ್ಯಾಸ ಮಾಡಿಸಿ. ಹೊರಡುವ ಮುಂಚಿನ ಎರಡು ಗಂಟೆ ಊಟ ಕೊಡದಿದ್ದರೆ ದಾರಿಯಲ್ಲಿ ವಾಂತಿಯಾಗುವುದು ಕಡಿಮೆ.