ನಿದ್ದೆ ಮಾತ್ರೆ: ಒಂದೇ ಏಟಿಗೆ ನಿಲ್ಲಿಸಬೇಡಿ

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮೂರು ವರ್ಷದಿಂದ ರಾತ್ರಿ ಅಲ್ಪ್ರಜೊಲಾಮ್ 0.5 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಚಟವಾದೀತೆಂದು ಹೆದರಿ ನಾವೇ ನಿಲ್ಲಿಸಿದೆವು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ಕೈ ನಡುಗತೊಡಗಿತು. ಮತ್ತೆ ಕೊಟ್ಟೆವು. ಮರೆವೂ ಹೆಚ್ಚುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮತ್ತೆ ಕೊಟ್ಟಿದ್ದು ಒಳ್ಳೆಯದಾಯಿತು. ವರ್ಷಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಕೈನಡುಕ, ಬೆವರು, ಗಾಬರಿಗೇ ಮುಗಿಯುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ.

ನರಕೋಶಗಳ ಅಬ್ಬರ ತಗ್ಗಿಸಲು ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಅದು ಕೋಶದ ಮೇಲೆ ಅದಕ್ಕೆಂದೇ ಇರುವ ಗ್ರಾಹಕದಲ್ಲಿ (ರಿಸೆಪ್ಟರ್) ಕೂತಾಗ ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗಿ ಕೋಶ ಶಾಂತವಾಗುತ್ತದೆ. ಅಲ್ಪ್ರಜೊಲಾಮ್, ಕ್ಲೋನಜೆಪಾಮ್, ಜೋಲ್ಪಿಡೆಮ್ ಅದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕೂತು ಗಾಬಾದ ಕೈ ಬಲಪಡಿಸುತ್ತವೆ. ದಿನಾ ಹೀಗಾದರೆ ಕೆಲವೇ ವಾರಗಳಲ್ಲಿ ಮೆದುಳು ಅದಕ್ಕೆ ಒಗ್ಗಿಕೊಂಡು ಗಾಬಾಕ್ಕೆ ಮೊದಲಿನಷ್ಟು ಓಗೊಡುವುದಿಲ್ಲ. ಆಗ ಮಾತ್ರೆ ತಪ್ಪಿದರೆ ಅಬ್ಬರ ಇಮ್ಮಡಿಸುತ್ತದೆ. ನಿಮ್ಮ ತಾಯಿಯವರಿಗೆ ಆ ಎರಡು ರಾತ್ರಿ ಆದದ್ದು ಬಹುಮಟ್ಟಿಗೆ ಇದೇ. ಅವರೆದುರು ದಯವಿಟ್ಟು ‘ಚಟ’ ಎನ್ನಬೇಡಿ, ಅವರ ತಪ್ಪೇನೂ ಇಲ್ಲ.

ಬಿಡಿಸುವುದು ಸಾಧ್ಯ, ಆದರೆ ವೈದ್ಯರ ಕಣ್ಣೆದುರಲ್ಲಿ, ತಿಂಗಳುಗಟ್ಟಲೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆಗಿನ ಪ್ರಮಾಣದ 5ರಿಂದ 10 ಶೇಕಡಾ ಇಳಿಸುವುದು ಹಿತ. ಎರಡು ವಾರದಲ್ಲಿ 25 ಶೇಕಡಾ ಮೀರಲೇಬಾರದು. 0.25ರ ಮಾತ್ರೆಯನ್ನು ಅರ್ಧ ಮಾಡಿದರೂ 0.125 ಆಗುತ್ತದೆ, ಅಂದರೆ ನಿಮ್ಮ ತಾಯಿಯವರಿಗೆ ಒಂದೇ ಸಲಕ್ಕೆ ಕಾಲು ಭಾಗ ಇಳಿದಂತೆ. ಅದಕ್ಕೇ ಕೆಲವೊಮ್ಮೆ ವೈದ್ಯರು ರಕ್ತದಲ್ಲಿ ನಿಧಾನವಾಗಿ ಇಳಿಯುವ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಮಾತ್ರೆಯ ಸ್ಟ್ರಿಪ್ ಮೇಲೆ ‘ಎಸ್‌ಆರ್’ ಎಂದಿದ್ದರೆ ಮುರಿಯಲೇಬೇಡಿ, ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ರಕ್ತ ಸೇರುತ್ತದೆ. ನಡುವೆ ನಡುಕ, ನಿದ್ದೆಗೇಡು ಹೆಚ್ಚಿದರೆ ಆ ಹಂತದಲ್ಲೇ ಇನ್ನಷ್ಟು ದಿನ ನಿಲ್ಲಿ. ಕೊನೆಯ ತುಣುಕು ಬಿಡುವುದೇ ಎಲ್ಲಕ್ಕಿಂತ ಕಷ್ಟ.

ಈ ಮಾತ್ರೆಗಳು ಹೊಸ ನೆನಪು ಅಚ್ಚೊತ್ತುವುದಕ್ಕೂ ಅಡ್ಡಬರುತ್ತವೆ. ಆದರೂ ಮರೆವಿಗೆಲ್ಲ ಇದೇ ಕಾರಣವೆಂದು ಕೂರದೆ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ನನಗೆ ಮರೆವಿಗಿಂತ ಹೆಚ್ಚು ಚಿಂತೆ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವುದು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಚೇತರಿಕೆ ಬಹಳ ಕಷ್ಟ. ಹಾದಿಯಲ್ಲಿ ಸಣ್ಣ ದೀಪ ಇಡಿ.

ಬೆಳಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಲಿ. ಹಾಸಿಗೆಯಲ್ಲಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಕೂತು, ತೂಕಡಿಕೆ ಬಂದಾಗ ಮಲಗಲಿ. ಮಧ್ಯಾಹ್ನದ ನಂತರ ಕಾಫಿ ಬೇಡ.

ಇನ್ನೊಂದು ಮಾತು: ಹಳೇ ಚೀಟಿ ತೋರಿಸಿ ವರ್ಷಾನುಗಟ್ಟಲೆ ಕೊಳ್ಳುವಂಥ ಔಷಧ ಅಲ್ಪ್ರಜೊಲಾಮ್ ಅಲ್ಲ. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಾದ ಶೆಡ್ಯೂಲ್ ಎಚ್1ರಲ್ಲಿದೆ. ಅಂಗಡಿಯವರು ಪ್ರತಿ ಮಾರಾಟವನ್ನೂ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು.

ಪ್ರಶ್ನೆ: ನಮ್ಮ ಯಜಮಾನರು ಎರಡು ಪೆಗ್ ಕುಡಿದ ಮೇಲೆ ಜೋಲ್ಪಿಡೆಮ್ ನುಂಗುತ್ತಾರೆ. ತೊಂದರೆಯೇ? ಗೊರಕೆ ವಿಪರೀತ.
– ಓದುಗರು, ಹಾಸನ

ಉತ್ತರ: ದೊಡ್ಡ ತೊಂದರೆ. ಮದ್ಯವೂ ಗಾಬಾ ಮೂಲಕವೇ ಮೆದುಳನ್ನು ಮಂಕಾಗಿಸುತ್ತದೆ. ಎರಡೂ ಸೇರಿದರೆ ಉಸಿರು ಕುಗ್ಗಿ ಸಾವೂ ಬರಬಹುದು. ನಿದ್ದೆಯಲ್ಲೇ ಎದ್ದು ನಡೆದ, ಅಡುಗೆ ಮಾಡಿದ, ಗಾಡಿ ಓಡಿಸಿದ ಪ್ರಕರಣಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಜೋಲ್ಪಿಡೆಮ್‌ಗೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಕುಡಿದ ರಾತ್ರಿ ಮಾತ್ರೆ ಮುಟ್ಟಲೇಬಾರದು. ದಿನವೂ ಕುಡಿಯುವವರಾದರೆ ಮದ್ಯವನ್ನೂ ದಿಢೀರನೆ ನಿಲ್ಲಿಸದೆ ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಲಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಒಂದು ರಾತ್ರಿ ಗಮನಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ ಒಂದು ಮಗ್ಗುಲಿಗೆ ತಿರುಗಿಸಿ 108ಕ್ಕೆ ಕರೆ ಮಾಡಿ.